ಸೊಂಟನೋವು ಪೂರ್ತಿ ಹೋದ ಮೇಲೆಯೇ ವ್ಯಾಯಾಮ ಆರಂಭಿಸಬೇಕೇ?

ಬಹುಕಾಲದ ಸೊಂಟನೋವಿನ ಬಗ್ಗೆ ನನಗೆ ಬರೆದ ಪತ್ರದಲ್ಲಿ, ನೋವು ಪೂರ್ತಿ ಇಳಿದ ಮೇಲೆಯೇ ನಡಿಗೆ, ವ್ಯಾಯಾಮಗಳ ದಿನಚರಿ ಆರಂಭಿಸಬೇಕೆಂದಿದ್ದೀರಿ. ಅಂಥದೊಂದು ದಿನಕ್ಕಾಗಿ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಕೂತು ನಾನೂ ವರ್ಷಗಟ್ಟಲೆ ಕಾದವನು. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವನಾಗಿ ಅರ್ಧ ತೊಡೆ ಊರಿ, ಒಂದು ಕಾಲನ್ನು ನಡುದಾರಿಗೆ ಚಾಚಿ, ಸೊಂಟ ತಿರುಚಿಕೊಂಡು ಕೂರುವ ಫೋರ್ತ್ ಸೀಟೇ ಎಲ್ಲಕ್ಕೂ ಕಾರಣವೆಂದು ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಅದರ ಪಾಲೂ ಇದ್ದಿರಬಹುದು. ಆದರೆ ನೋವು ಬೇರೂರುವಂತೆ ಮಾಡಿದ್ದು ನನ್ನ ಭಾನುವಾರಗಳು.

ವಾರವಿಡೀ ಕಚೇರಿಯಿಂದ ಬಂದೊಡನೆ ಸೊಂಟಪಟ್ಟಿ ಬಿಗಿದು ಹಾಸಿಗೆ ಸೇರುತ್ತಿದ್ದ ನಾನು, ಭಾನುವಾರ ಬೆಳಿಗ್ಗೆ ಮೈ ತುಸು ಹಗುರವೆನಿಸಿದರೆ ಸಾಕು, ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಮಂಗಳೂರು ಸೌತೆ, ಬಾಳೆಕಾಯಿ, ತೆಂಗಿನಕಾಯಿಗಳನ್ನು ಎರಡು ಚೀಲ ತುಂಬಿ ಹೊತ್ತು ತಂದು, ಮಧ್ಯಾಹ್ನ ಅಟ್ಟದ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಸಂಜೆ ಖಾಡಿಯ (ಕಡಲ ಹಿನ್ನೀರಿನ) ದಡದವರೆಗೆ ಬಿರುಸಾಗಿ ನಡೆದು ಬರುತ್ತಿದ್ದೆ. ಸೋಮವಾರ ಬೂಟಿನ ಲೇಸು ಕಟ್ಟಲೂ ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಆಮೇಲೆ ಮಾತ್ರೆ, ರಜೆ, ಮತ್ತೆ ಹಾಸಿಗೆ. ಮುಂದಿನ ಬಾರಿ ಮೊದಲಿಗಿಂತ ಸಣ್ಣ ಕೆಲಸಕ್ಕೇ ಬೆನ್ನು ಹಿಡಿದುಕೊಳ್ಳುತ್ತಿತ್ತು. ಮೂರು ತಿಂಗಳು ಮೀರಿ ಉಳಿದ ನೋವಿನಲ್ಲಿ ನರವ್ಯೂಹವೇ ಅತಿಸೂಕ್ಷ್ಮವಾಗಿಬಿಡುವುದುಂಟು. ಮಲಗಿದಷ್ಟೂ ಸ್ನಾಯುಗಳ ಕಸುವೂ ಇಳಿಯುತ್ತದೆ. ಎಷ್ಟು ದುಡಿಯಬೇಕೆಂಬುದನ್ನು ಆಯಾ ದಿನದ ನೋವಿಗೇ ಬಿಟ್ಟುಕೊಟ್ಟದ್ದು ನನ್ನ ತಪ್ಪು: ನೋವು ಕಡಿಮೆಯಿದ್ದಾಗ ಹಳೆಯ ಸಾಲ ತೀರಿಸುವವನಂತೆ ದುಡಿದೆ, ಹೆಚ್ಚಾದಾಗ ಎಲ್ಲವನ್ನೂ ಬಿಟ್ಟು ಮಲಗಿದೆ.

ಕೊನೆಗೆ ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್, ಕೆಟ್ಟ ದಿನದಲ್ಲೂ ನಿಭಾಯಿಸಬಲ್ಲಷ್ಟೇ ನಡಿಗೆಯನ್ನು ಗೊತ್ತುಮಾಡಿ, ಹಗುರವಾದ ದಿನವೂ ಅದನ್ನು ಮೀರಕೂಡದೆಂದರು. ಸೊಸೈಟಿಯ ಗೇಟು ದಾಟಿ ಔಷಧದಂಗಡಿ ಮುಟ್ಟುವಷ್ಟರಲ್ಲಿ ಮುಗಿದುಹೋಗುವ ಆ ನಡಿಗೆ ನನಗೆ ಅವಮಾನವೆನಿಸಿತ್ತು. ಆದರೂ ನಿಮಗೆ ನಾನು ಹೇಳುವುದು ಅದನ್ನೇ: ಕೆಟ್ಟ ದಿನ 10 ನಿಮಿಷ ನಡೆಯಬಲ್ಲಿರಾದರೆ 7 ನಿಮಿಷದಿಂದ ಇಂದೇ ಆರಂಭಿಸಿ, ವಾರಕ್ಕೊಂದು ನಿಮಿಷ ಏರಿಸಿ, ಗಡಿಯಾರ ನೋಡಿ ನಿಲ್ಲಿಸಿ. ಮಲಗುವ, ಏಳುವ ಹೊತ್ತೂ ಗೊತ್ತಾಗಿರಲಿ. ನಿದ್ದೆಗೆಟ್ಟ ಮರುದಿನ ಅದೇ ನೋವು ಹೆಚ್ಚು ಕಾಡುತ್ತದೆ.

ನೀವು ಕೇಳಿರುವ ಸೊಂಟಪಟ್ಟಿ ಬೇಡದ ಖರ್ಚು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಕೂಡ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮವನ್ನು ಸೂಚಿಸಿ, ಪಟ್ಟಿ ಮತ್ತು ಟ್ರ್ಯಾಕ್ಷನ್‌ಗಳನ್ನು (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ವಾಡಿಕೆಯಾಗಿ ಬಳಸುವುದು ಬೇಡವೆಂದಿದೆ. ಎಂಆರ್‌ಐ ಸ್ಕ್ಯಾನಿನಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಉಬ್ಬಿದೆಯೆಂದು ಹೆದರಿದ್ದೀರಿ. ಯಾವ ನೋವೂ ಇಲ್ಲದ ನಡುವಯಸ್ಸಿನವರಲ್ಲೂ ಅದು ಸಾಮಾನ್ಯ. ನನಗೆ ನೋವು ಈಗಲೂ ಇದೆ, ರಜೆ ಹಾಕಿಸುವಷ್ಟಿಲ್ಲ. ಆದರೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಕಾಲಿನ ಬಲ ಕುಂದಿದರೆ ಇಲ್ಲಿ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಿ.