ಬ್ರಿಟನ್ನಿನಲ್ಲಿ ಗೇರ್ ಕಾರು ಕಲಿಯುವ ಕುರಿತು, ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನೀವು ಶೆಫೀಲ್ಡ್‌ಗೆ ಬಂದು ಮೂರು ತಿಂಗಳಾಯಿತೆಂದೂ, ಭಾರತದಲ್ಲಿ ಪಡೆದ ಲೈಸೆನ್ಸ್ ಕೈಯಲ್ಲಿದ್ದರೂ ಇದುವರೆಗೆ ಆಟೋಮ್ಯಾಟಿಕ್ ಕಾರನ್ನಷ್ಟೇ ಓಡಿಸಿರುವುದರಿಂದ ಕ್ಲಚ್ ಎಂದರೆ ಅಳುಕೆಂದೂ ಬರೆದಿದ್ದೀರಿ. ಇಲ್ಲಿನ ಪರೀಕ್ಷೆಯನ್ನು ಆಟೋಮ್ಯಾಟಿಕ್‌ನಲ್ಲೇ ಕೊಟ್ಟು ಮುಗಿಸಬಹುದೇ, ಇಲ್ಲವೇ ಇಷ್ಟು ಏರಿಳಿತಗಳಿರುವ ಊರಿನಲ್ಲಿ ಗೇರ್ ಕಾರು ಕಲಿಯುವ ಸಾಹಸ ಮಾಡಬೇಕೇ ಎಂಬುದು ನಿಮ್ಮ ಪ್ರಶ್ನೆ. ಬಹಳ ವರ್ಷಗಳಿಂದ ಈ ದೇಶದಲ್ಲಿ ನೆಲೆಸಿ, ನಿಮ್ಮಂತೆಯೇ ಬಂದ ಹಲವರು ಕಲಿಯುವುದನ್ನು ಹತ್ತಿರದಿಂದ ಕಂಡವನಾಗಿ ನನ್ನ ಸಲಹೆ ಇಷ್ಟು: ಗೇರ್ ಕಾರನ್ನೇ ಕಲಿಯಿರಿ, ಆದರೆ ಕಲಿಕೆಯ ಮೊದಲ ಕೆಲವು ಗಂಟೆಗಳನ್ನು ರಸ್ತೆಗೂ ಕೊಡದೆ, ಗೇರಿಗೂ ಕೊಡದೆ, ಎಡಗಾಲಿಗೆ ಮಾತ್ರ ಕೊಡಿ. ಉಳಿದ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಯೇ ಬಗೆಹರಿಯುತ್ತವೆ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ನಿಮ್ಮ ತೀರ್ಮಾನ ಅದರ ಮೇಲೆ ನಿಂತಿದೆ. ನೀವು ಇಲ್ಲಿನ ನಿವಾಸಿಯಾದ ದಿನದಿಂದ 12 ತಿಂಗಳವರೆಗೆ, ಅವಧಿ ಮುಗಿಯದ ಭಾರತದ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸಬಹುದು. ಅದನ್ನು ಇಲ್ಲಿನ ಲೈಸೆನ್ಸಿಗೆ ನೇರವಾಗಿ ಬದಲಾಯಿಸಿಕೊಳ್ಳಲು ಮಾತ್ರ ಬರುವುದಿಲ್ಲ. ಪ್ರೊವಿಷನಲ್ ಲೈಸೆನ್ಸ್, ಅಂದರೆ ಕಲಿಯುವವರ ಲೈಸೆನ್ಸ್, ತೆಗೆದುಕೊಂಡು, ಥಿಯರಿ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಪಾಸು ಮಾಡಲೇಬೇಕು. ಪ್ರಾಯೋಗಿಕ ಪರೀಕ್ಷೆಯನ್ನು ಆಟೋಮ್ಯಾಟಿಕ್ ಕಾರಿನಲ್ಲಿ ಪಾಸು ಮಾಡಿದವರ ಲೈಸೆನ್ಸಿನ ಮೇಲೆ 78 ಎಂಬ ಸಂಕೇತ ಬೀಳುತ್ತದೆ, ಅಂದರೆ ಅವರು ಗೇರ್ ಕಾರು ಓಡಿಸುವಂತಿಲ್ಲ. ಗೇರ್ ಕಾರಿನಲ್ಲಿ ಪಾಸು ಮಾಡಿದವರು ಎರಡನ್ನೂ ಓಡಿಸಬಹುದು. ಮುಂದೆ ಎಂದಾದರೂ ಮನಸ್ಸು ಬದಲಾದರೆ ಥಿಯರಿಯನ್ನು ಮತ್ತೆ ಬರೆಯಬೇಕಾಗಿಲ್ಲವೆಂಬುದು ನಿಜ, ಆದರೆ ಪ್ರಾಯೋಗಿಕ ಪರೀಕ್ಷೆಯನ್ನು ಇನ್ನೊಮ್ಮೆ ಕೊಡಬೇಕು. ಪರೀಕ್ಷೆಯ ದಿನಾಂಕ ಸಿಗುವುದೇ ತಿಂಗಳುಗಟ್ಟಲೆ ಕಾಯುವ ಕೆಲಸವಾಗಿರುವಾಗ, ಒಮ್ಮೆ ಮುಗಿಯಬಹುದಾದದ್ದಕ್ಕೆ ಎರಡು ಸಲ ಸರದಿಯಲ್ಲಿ ನಿಲ್ಲುವುದು ನನಗೆ ಸರಿಯೆನಿಸುವುದಿಲ್ಲ.

ಹಾಗೆಂದು ಆಟೋಮ್ಯಾಟಿಕ್ ಆರಿಸಿಕೊಳ್ಳುವುದು ಕೀಳು ಎಂದು ನಾನು ಹೇಳಲಾರೆ. ಎಡಗಾಲಿಗೋ ಮೊಣಕಾಲಿಗೋ ತೊಂದರೆ ಇರುವವರು, ಕೆಲಸಕ್ಕಾಗಿ ಆದಷ್ಟು ಬೇಗ ಲೈಸೆನ್ಸ್ ಬೇಕಾದವರು, ಮುಂದೆ ವಿದ್ಯುತ್ ಕಾರನ್ನೇ ಕೊಳ್ಳುವುದೆಂದು ನಿಶ್ಚಯಿಸಿದವರು ನಿಸ್ಸಂಕೋಚವಾಗಿ ಆ ದಾರಿ ಹಿಡಿಯಲಿ. ವಿದ್ಯುತ್ ಕಾರುಗಳಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಪೆಟ್ರೋಲ್ ಅಥವಾ ಡೀಸೆಲ್ ಒಂದರಿಂದಲೇ ಓಡುವ ಹೊಸ ಕಾರುಗಳ ಮಾರಾಟವನ್ನು 2030ರಿಂದ ನಿಲ್ಲಿಸುವುದು ಸರ್ಕಾರದ ನೀತಿ. ಆದರೆ ಅದು ಹೊಸ ಕಾರುಗಳ ಮಾತು. ಹೊಸದಾಗಿ ಬಂದವರು ಸಾಮಾನ್ಯವಾಗಿ ಕೊಳ್ಳುವುದು ಹಳೆಯ ಕಾರನ್ನು, ಮತ್ತು ಇಲ್ಲಿನ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯವುಗಳಲ್ಲಿ ಗೇರ್ ಕಾರುಗಳೇ ಹೆಚ್ಚು. ಮನೆ ಬದಲಿಸುವಾಗ ಬಾಡಿಗೆಗೆ ತರುವ ವ್ಯಾನು, ತುರ್ತಿಗೆ ಗೆಳೆಯರು ಕೊಡುವ ಕಾರು, ಕಚೇರಿಯ ವಾಹನ ಇವೆಲ್ಲ ಬಹುಮಟ್ಟಿಗೆ ಗೇರಿನವೇ. ನೀವು ಹೇಳಿಕೊಂಡಿರುವ ಕಾರಣ ಭಯವೊಂದೇ ಆಗಿರುವುದರಿಂದ, ಆ ಭಯ ಎಲ್ಲಿಂದ ಬರುತ್ತದೆಂದು ನೋಡಿದರೆ ಅದು ಬಹುಪಾಲು ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಕ್ಲಚ್ ಏಕೆ ಬೇಕು ಎಂಬುದನ್ನು ತಿಳಿದವರು ಬೇಗ ಕಲಿಯುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಕಾರು ನಿಂತಿದ್ದರೂ ಇಂಜಿನ್ ನಿಲ್ಲುವಂತಿಲ್ಲ. ಆಕ್ಸಿಲರೇಟರ್ ಒತ್ತದಿದ್ದಾಗಲೂ ಅದು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರಬೇಕು, ಅದಕ್ಕಿಂತ ತೀರ ಕೆಳಗೆ ಇಳಿದರೆ ಆಫ್ ಆಗುತ್ತದೆ. ಚಕ್ರಗಳಾದರೋ ಸ್ತಬ್ಧವಾಗಿರುತ್ತವೆ. ತಿರುಗುತ್ತಿರುವುದನ್ನೂ ನಿಂತಿರುವುದನ್ನೂ ಒಮ್ಮೆಲೇ ಜೋಡಿಸಿದರೆ ಇಂಜಿನ್ ನಿಲ್ಲಬೇಕು, ಇಲ್ಲವೇ ಕಾರು ಎಗರಬೇಕು. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದರ ಎದುರಿಗೆ, ಗೇರ್ ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟ್ ಇದೆ. ಪೆಡಲನ್ನು ಪೂರ್ತಿ ತುಳಿದಾಗ ಇವೆರಡೂ ಬೇರೆಯಾಗುತ್ತವೆ, ಪೂರ್ತಿ ಬಿಟ್ಟಾಗ ಸ್ಪ್ರಿಂಗಿನ ಒತ್ತಡದಿಂದ ಅಂಟಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ನಡುವೆ ಒಂದು ಸಣ್ಣ ಅಂತರದಲ್ಲಿ ಪ್ಲೇಟು ಫ್ಲೈವೀಲಿಗೆ ತಾಗುತ್ತ, ಜಾರುತ್ತ, ನಿಂತ ಚಕ್ರಗಳನ್ನು ಮೆಲ್ಲಗೆ ತನ್ನೊಡನೆ ಎಳೆದುಕೊಳ್ಳುತ್ತದೆ. ನಿಮ್ಮ ಒಂದು ಅಂಗೈಯನ್ನು ಮೇಜಿನ ಮೇಲೆ ಸಡಿಲವಾಗಿಟ್ಟು, ಇನ್ನೊಂದನ್ನು ಅದರ ಮೇಲೆ ತಿರುಗಿಸುತ್ತ ನಿಧಾನವಾಗಿ ಒತ್ತಿದರೆ ಕೆಳಗಿನ ಕೈ ಯಾವಾಗ ತಿರುಗತೊಡಗುತ್ತದೆಂದು ತಿಳಿಯುತ್ತದೆಯಲ್ಲವೇ, ಅದೇ ಕ್ಷಣ ಇದು. ನಾವು ಹಾಫ್ ಕ್ಲಚ್ ಎನ್ನುವ, ಇಲ್ಲಿನ ಬೋಧಕರು ಬೈಟಿಂಗ್ ಪಾಯಿಂಟ್ ಎನ್ನುವ ಈ ಜಾಗ ಕಣ್ಣಿಗೆ ಕಾಣುವುದಲ್ಲ. ಇಂಜಿನ್ನಿನ ದನಿ ತುಸು ತಗ್ಗುವುದರಿಂದ, ಕಾರಿನ ಮೂತಿ ಕೂದಲೆಳೆಯಷ್ಟು ಏಳುವುದರಿಂದ, ಸೀಟಿನ ಮೂಲಕ ಬರುವ ನಡುಕದಿಂದ ಅದನ್ನು ಅರಿಯಬೇಕು.

ಈಗ ಅಭ್ಯಾಸದ ವಿಷಯ. ಮೊದಲ ಪಾಠದಲ್ಲಿಯೇ ನಿಮ್ಮ ಬೋಧಕರನ್ನು ಸಮತಟ್ಟಾದ, ಜನಸಂಚಾರವಿಲ್ಲದ ಜಾಗಕ್ಕೆ ಕರೆದೊಯ್ಯುವಂತೆ ಕೇಳಿಕೊಳ್ಳಿ. ಸೀಟನ್ನು, ಕ್ಲಚ್ ಪೂರ್ತಿ ನೆಲಮುಟ್ಟಿದಾಗಲೂ ಮೊಣಕಾಲು ಕೊಂಚ ಮಡಿಚಿಯೇ ಇರುವಷ್ಟು ಹತ್ತಿರಕ್ಕೆ ಸರಿಸಿಕೊಳ್ಳಿ. ತೆಳುವಾದ ಅಟ್ಟೆಯ ಬೂಟು ಹಾಕಿಕೊಳ್ಳಿ, ದಪ್ಪ ಅಟ್ಟೆಯ ಬೂಟಿನಲ್ಲಿ ಪೆಡಲಿನ ಸುದ್ದಿ ಕಾಲಿಗೆ ಮುಟ್ಟುವುದಿಲ್ಲ. ಕ್ಲಚ್ ತುಳಿದು ಒಂದನೇ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಬಲಗಾಲನ್ನು ಆಕ್ಸಿಲರೇಟರಿನಿಂದ ದೂರವಿಟ್ಟು, ಎಡಗಾಲನ್ನು ಮಾತ್ರ ಮೇಲಕ್ಕೆ ತನ್ನಿ. ಕಾರು ಅಲುಗಿದೊಡನೆ ಕಾಲನ್ನು ಅಲ್ಲಿಯೇ ತಡೆಯಿರಿ. ಅದು ಉರುಳತೊಡಗಿದ ಮೇಲೆ ಉಳಿದದ್ದನ್ನು ಬಿಡಿ, ಮತ್ತೆ ತುಳಿದು ಬ್ರೇಕ್ ಹಾಕಿ ನಿಲ್ಲಿಸಿ. ಕಾಲಿಗೆ ಆ ಜಾಗ ಬಾಯಿಪಾಠವಾಗುವವರೆಗೆ ಇದನ್ನೇ ಮಾಡಿ. ಆಕ್ಸಿಲರೇಟರ್ ಇಲ್ಲದೆ ಕಾರನ್ನು ಹೊರಡಿಸಬಲ್ಲ ಕಾಲಿಗೆ ಆಕ್ಸಿಲರೇಟರ್ ಸಿಕ್ಕಿದಾಗ ಕೆಲಸ ಬಹಳ ಸುಲಭವಾಗುತ್ತದೆ. ಇದಕ್ಕೆ ಬದಲಾಗಿ ಮೊದಲ ದಿನವೇ ಎರಡೂ ಕಾಲುಗಳನ್ನು ಒಟ್ಟಿಗೆ ಹೊಂದಿಸಲು ಹೋದವರಿಗೆ, ಇಂಜಿನ್ ನಿಂತಾಗ ತಪ್ಪಿದ್ದು ಯಾವ ಕಾಲು ಎಂಬುದೇ ತಿಳಿಯುವುದಿಲ್ಲ.

ಇಂಜಿನ್ ಆಫ್ ಆಗುವುದರ ಬಗ್ಗೆ ನೀವು ಹೆಚ್ಚು ಚಿಂತಿಸಿದ್ದೀರಿ. ಹಿಂದಿನವರು ಹಾರ್ನ್ ಮಾಡಿದರೇನು, ಸಿಗ್ನಲ್ ಮತ್ತೆ ಕೆಂಪಾದರೇನು ಎಂದೆಲ್ಲ ಬರೆದಿದ್ದೀರಿ. ಆಫ್ ಆಗುವುದಕ್ಕೆ ಬೇಕಾದ್ದು ಕಾಲು ಅರ್ಧ ಸೆಕೆಂಡು ಮೊದಲೇ ಮೇಲೆ ಬರುವುದಷ್ಟೇ. ಪರಿಹಾರವೂ ಅಷ್ಟೇ ಚಿಕ್ಕದು. ಕ್ಲಚ್ ತುಳಿಯಿರಿ, ಬ್ರೇಕ್ ಹಿಡಿಯಿರಿ, ಸ್ಟಾರ್ಟ್ ಮಾಡಿ, ಕನ್ನಡಿಗಳನ್ನು ಮತ್ತೊಮ್ಮೆ ನೋಡಿ ಹೊರಡಿ. ಕಾರು ನಡುಗತೊಡಗಿದಾಗಲೇ ಕ್ಲಚ್ಚನ್ನು ಮರಳಿ ತುಳಿದರೆ ಇಂಜಿನ್ ಆಫ್ ಆಗುವುದೂ ಇಲ್ಲ. ಸಣ್ಣ ಪೆಟ್ರೋಲ್ ಇಂಜಿನ್‌ಗಿಂತ ಡೀಸೆಲ್ ಇಂಜಿನ್ ಕಡಿಮೆ ಸುತ್ತಿನಲ್ಲಿ ಹೆಚ್ಚು ಬಲ ಕೊಡುವುದರಿಂದ ಸುಲಭವಾಗಿ ನಿಲ್ಲುವುದಿಲ್ಲ. ಒಂದರಲ್ಲಿ ಕಲಿತು ಇನ್ನೊಂದನ್ನು ಕೊಳ್ಳುವವರು ಇದನ್ನು ನೆನಪಿಡಬೇಕು.

ಏರಿನಲ್ಲಿ ಹೊರಡುವುದಕ್ಕೆ ಹ್ಯಾಂಡ್‌ಬ್ರೇಕನ್ನು ನಂಬಿ. ಹ್ಯಾಂಡ್‌ಬ್ರೇಕ್ ಎಳೆದಿರುವಾಗಲೇ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ, ಕ್ಲಚ್ ಹಿಡಿಯುವ ಜಾಗಕ್ಕೆ ಬಂದು, ಮೂತಿ ಎದ್ದು ಕಾರು ಮುಂದಕ್ಕೆ ಎಳೆಯುತ್ತಿದೆ ಎನಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟರೆ ಕಾರು ಹಿಂದಕ್ಕೆ ಜಾರುವುದಿಲ್ಲ. ಕಾಲಿನ ಬ್ರೇಕಿನಿಂದ ಆಕ್ಸಿಲರೇಟರಿಗೆ ಅವಸರದಲ್ಲಿ ಹಾರುವ ಅಗತ್ಯವೇ ಇಲ್ಲಿಲ್ಲ, ಮತ್ತು ಹೊಸಬರಿಗೆ ಭಯ ಹುಟ್ಟಿಸುವುದು ಆ ಹಾರಾಟವೇ. ಈಚಿನ ಹಲವು ಕಾರುಗಳು ಏರಿನಲ್ಲಿ ಬ್ರೇಕನ್ನು ಒಂದೆರಡು ಸೆಕೆಂಡು ತಾವೇ ಹಿಡಿದಿಡುತ್ತವೆ, ಆದರೂ ಅದರ ಮೇಲೆ ಭಾರ ಹಾಕದೆ ಕಲಿಯುವುದು ಮೇಲು. ಸಿಗ್ನಲಿನಲ್ಲಿ ಕಾಯುವಾಗ ಕಾರನ್ನು ಹಾಫ್ ಕ್ಲಚ್ಚಿನಲ್ಲಿ ತೂಗಿ ನಿಲ್ಲಿಸುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಮಾಡಿಕೊಳ್ಳಬೇಡಿ. ಪ್ಲೇಟು ಜಾರುತ್ತಲೇ ಇದ್ದು ಬಿಸಿಯಾಗಿ ಸವೆಯುತ್ತದೆ, ಶೆಫೀಲ್ಡ್‌ನಂಥ ಊರಿನಲ್ಲಿ ಅದು ಬೇಗನೆ ದುಬಾರಿ ಖರ್ಚಾಗುತ್ತದೆ.

ಗೇರ್ ಬದಲಾಯಿಸುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಸ್ಟಿಯರಿಂಗ್ ಬಲಕ್ಕೆ, ಗೇರ್ ಎಡಗೈಗೆ ಬರುವುದು ಇಲ್ಲಿಯೂ ಹಾಗೆಯೇ, ಆದ್ದರಿಂದ ನೀವು ಕೈ ಬದಲಿಸಿಕೊಳ್ಳಬೇಕಾಗಿಲ್ಲ. ಒಳಗಿನ ಗೇರುಗಳ ವೇಗವನ್ನು ಹೊಂದಿಸಿಕೊಡುವ ಸಿಂಕ್ರೊಮೆಶ್ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದು, ಮುಂದೆ ಎಲ್ಲ ಕಾರುಗಳಿಗೂ ಹರಡಿತು. ಹಳೆಯ ಲಾರಿಗಳನ್ನು ಓಡಿಸಿದ ಹಿರಿಯರು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕೆಂದು ಹೇಳಿದರೆ ಅದು ಇಂದಿನ ಕಾರಿಗೆ ಅನ್ವಯಿಸುವುದಿಲ್ಲ. ಹಿಡಿಯನ್ನು ಮುಷ್ಟಿ ಬಿಗಿದು ತಳ್ಳದೆ, ಅಂಗೈಯಿಂದ ನಿಧಾನವಾಗಿ ನಡೆಸಿ. ರಿವರ್ಸ್ ಗೇರನ್ನು ಮಾತ್ರ ಕಾರು ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಗಂಟೆಗೆ 20 ಮೈಲಿ ಮಿತಿಯ ರಸ್ತೆಗಳಲ್ಲಿ ಎರಡನೆಯದು ಅಥವಾ ಮೂರನೆಯದು, 30 ಮೈಲಿಯಲ್ಲಿ ಮೂರು ಅಥವಾ ನಾಲ್ಕು ಸಾಕು; ಇಂಜಿನ್ನಿನ ದನಿ ಕೇಳಿಸಿಕೊಳ್ಳುವುದನ್ನು ಕಲಿತರೆ ಈ ಅಂಕಿಗಳೂ ಬೇಕಾಗುವುದಿಲ್ಲ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಕಾರನ್ನು ಬಿಡುವ ರೂಢಿ ಹಲವರಲ್ಲಿದೆ. ಇಲ್ಲಿನ ಹೈವೇ ಕೋಡ್ 122ನೇ ನಿಯಮದಲ್ಲಿ ಇದರ ವಿರುದ್ಧ ಎಚ್ಚರಿಸುತ್ತದೆ: ಹಾಗೆ ಮಾಡಿದರೆ ಇಂಜಿನ್ನಿನ ತಡೆ ಸಿಗದೆ ಕಾರು ವೇಗ ಪಡೆಯುತ್ತದೆ, ಚಾಲಕರ ಹಿಡಿತ ಸಡಿಲವಾಗುತ್ತದೆ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆ ತಾನಾಗಿ ನಿಲ್ಲುವುದರಿಂದ ಉಳಿತಾಯದ ವಾದವೂ ನಿಲ್ಲುವುದಿಲ್ಲ. ನಿಲ್ಲಿಸುವಾಗ ಮೊದಲು ಬ್ರೇಕ್, ಕಾರು ನಿಲ್ಲುವುದಕ್ಕೆ ತುಸು ಮುನ್ನ ಕ್ಲಚ್. ಹಠಾತ್ತನೆ ನಿಲ್ಲಿಸಬೇಕಾದಾಗಲೂ ಬ್ರೇಕಿಗೇ ಮೊದಲ ಸ್ಥಾನ.

12 ತಿಂಗಳು ಮುಗಿಯುವವರೆಗೆ ನೀವು ಒಬ್ಬರೇ ಓಡಿಸಲು ಕಾನೂನು ಅಡ್ಡಿಪಡಿಸುವುದಿಲ್ಲವಾದರೂ, ಕ್ಲಚ್ ಒಗ್ಗುವವರೆಗೆ ಗೇರ್ ಕಾರನ್ನು ಒಬ್ಬರೇ ರಸ್ತೆಗೆ ಇಳಿಸಬೇಡಿ. ಕಾರಿನ ಮುಂಗಾಜಿನ ಮೇಲೆ ಹಸಿರು ಬ್ಯಾಡ್ಜ್ ಇರುವ ಬೋಧಕರು ಪೂರ್ತಿ ಅರ್ಹತೆ ಪಡೆದವರು, ಗುಲಾಬಿ ಬ್ಯಾಡ್ಜ್ ಇರುವವರು ತರಬೇತಿಯಲ್ಲಿರುವವರು. ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳು ತಮ್ಮ ಬದಿಗೂ ಇರುವ ಕಾರಿನಲ್ಲಿ ಕಲಿಸುವವರನ್ನು ಆರಿಸಿ. ಅವಧಿ ಕಳೆದ ಮೇಲೆ ಪ್ರೊವಿಷನಲ್ ಲೈಸೆನ್ಸಿನಲ್ಲಿ ಮನೆಯವರೊಡನೆ ಅಭ್ಯಾಸ ಮಾಡುವುದಾದರೆ ಕಾರಿಗೆ ಎಲ್ ಬೋರ್ಡ್ ಬೇಕು, ವಿಮೆ ನಿಮ್ಮ ಹೆಸರನ್ನೂ ಒಳಗೊಂಡಿರಬೇಕು. ಪಕ್ಕದಲ್ಲಿ ಕೂರುವವರಿಗೆ 21 ವರ್ಷ ತುಂಬಿ, ಲೈಸೆನ್ಸ್ ಪಡೆದು ಮೂರು ವರ್ಷ ಆಗಿರಬೇಕು. ಭಾರತದ ಲೈಸೆನ್ಸ್ ಮಾತ್ರ ಇರುವ ಗೆಳೆಯರಾಗಲಿ, ಆಟೋಮ್ಯಾಟಿಕ್ ಲೈಸೆನ್ಸ್ ಮಾತ್ರ ಇರುವವರಾಗಲಿ ಗೇರ್ ಕಾರಿನಲ್ಲಿ ಆ ಜಾಗದಲ್ಲಿ ಕೂರುವಂತಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಪರೀಕ್ಷೆಯಲ್ಲಿ ಇಂಜಿನ್ ಒಮ್ಮೆ ಆಫ್ ಆದರೆ ಫೇಲೇ ಎಂದು ನಿಮಗೆ ಯಾರೋ ಹೇಳಿದ್ದಾರೆ, ಅದು ನಿಜವಲ್ಲ. 15 ಸಣ್ಣ ತಪ್ಪುಗಳವರೆಗೆ ಪಾಸಾಗಬಹುದು, ಗಂಭೀರ ಅಥವಾ ಅಪಾಯಕಾರಿ ತಪ್ಪು ಒಂದಾದರೂ ಫೇಲ್. ಸುರಕ್ಷಿತವಾದ ಜಾಗದಲ್ಲಿ ಕಾರು ಆಫ್ ಆಗಿ ನೀವು ಶಾಂತವಾಗಿ ಮತ್ತೆ ಹೊರಟರೆ ಅದು ಸಣ್ಣ ತಪ್ಪಷ್ಟೇ; ರೌಂಡ್‌ಅಬೌಟಿನ ನಡುವೆ ಆಫ್ ಆಗಿ ಗಾಬರಿಯಲ್ಲಿ ಸುತ್ತ ನೋಡದೆ ಹೊರಟರೆ ಅಥವಾ ಇತರರಿಗೆ ಅಡ್ಡಿಯಾದರೆ ಗಂಭೀರ ತಪ್ಪಾಗಬಹುದು. ಪ್ರೊವಿಷನಲ್ ಲೈಸೆನ್ಸಿಗೆ ಈ ವಾರವೇ ಅರ್ಜಿ ಹಾಕಿ. ಅದು ಕೈಗೆ ಬಂದೊಡನೆ ಥಿಯರಿ ಬರೆಯಿರಿ: 50 ಪ್ರಶ್ನೆಗಳಲ್ಲಿ 43 ಸರಿಯಿರಬೇಕು, ಅಪಾಯ ಗುರುತಿಸುವ ವೀಡಿಯೊ ಭಾಗದಲ್ಲಿ 75ಕ್ಕೆ 44 ಅಂಕ ಬರಬೇಕು, ಮತ್ತು ಅದು ಪಾಸಾದ ಎರಡು ವರ್ಷಗಳೊಳಗೆ ಪ್ರಾಯೋಗಿಕ ಪರೀಕ್ಷೆ ಮುಗಿಯಬೇಕು. ಥಿಯರಿ ಪಾಸಾಗದೆ ಪ್ರಾಯೋಗಿಕ ಪರೀಕ್ಷೆಯ ದಿನಾಂಕ ಕಾದಿರಿಸಲು ಆಗುವುದಿಲ್ಲ, ದಿನಾಂಕಕ್ಕಾಗಿ ಕಾಯುವ ತಿಂಗಳುಗಳೇ ನಿಮ್ಮ ಅಭ್ಯಾಸದ ತಿಂಗಳುಗಳು. ಆದ್ದರಿಂದ ಕ್ಲಚ್ಚಿನ ಪಾಠಗಳನ್ನು ದಿನಾಂಕ ಸಿಕ್ಕಿದ ಮೇಲೆ ಎಂದು ಮುಂದೂಡದೆ, ಥಿಯರಿ ಓದುತ್ತಿರುವಾಗಲೇ ಆರಂಭಿಸಿ.