‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯ ರಾತ್ರಿ ಯುದ್ಧದ ಕಂತು ‘ದಿ ಲಾಂಗ್ ನೈಟ್’ ಅಷ್ಟು ಕತ್ತಲು ಯಾಕೆ? ಯುದ್ಧತಂತ್ರ ನಂಬುವಂತಿತ್ತಾ?

ಕತ್ತಲು ಬೇಕಂತಲೇ ಇಟ್ಟದ್ದು. 2019ರ ಈ ಕಂತಿಗಾಗಿ 55 ರಾತ್ರಿ ಹೊರಾಂಗಣ ಚಿತ್ರೀಕರಣ ನಡೆದಿತ್ತು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ನಮ್ಮ ಟಿವಿ ಸೆಟ್ಟಿಂಗ್ ಸರಿಯಿಲ್ಲ ಎಂದರು. ಅರ್ಧ ನಿಜ. ಸ್ಟ್ರೀಮಿಂಗ್‌ಗೆ ವಿಡಿಯೊ ಕುಗ್ಗಿಸಿದಾಗ ಕಪ್ಪು ಛಾಯೆಗಳು ಬೇಗ ಹಾಳಾಗುತ್ತವೆ. ಹೊಗೆ, ಹಿಮ ಎಲ್ಲ ಚೌಕಚೌಕವಾಗಿ ಒಡೆಯುತ್ತೆ. ನಾನು ಜಯನಗರದ ರೂಮಲ್ಲಿ ಬೆಳಿಗ್ಗೆ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ನೋಡಿದವನು. ಡ್ರ್ಯಾಗನ್‌ಗಿಂತ ನನ್ನ ಮುಖವೇ ಪರದೆಯಲ್ಲಿ ಚೆನ್ನಾಗಿ ಕಾಣ್ತಿತ್ತು!

ತಂತ್ರವನ್ನಂತೂ ಒಪ್ಪೋಕಾಗಲ್ಲ. ಕಲ್ಲೆಸೆಯುವ ಯಂತ್ರಗಳು ಕಾಲಾಳುಗಳಿಗಿಂತ ಮುಂದೆ, ಕಂದಕ ಸೈನ್ಯದ ಬೆನ್ನ ಹಿಂದೆ. ಹಿಮ್ಮೆಟ್ಟೋದು ಎಲ್ಲಿಗೆ? ಕಣ್ಣಿಗೇ ಕಾಣದ ಶತ್ರುವಿನ ಮೇಲೆ ಕುದುರೆ ದಂಡು ಬಿಟ್ಟದ್ದೂ ಹುಚ್ಚೇ. ಆದರೆ ಆ ದಂಡಿನ ಸವಾರರಾದ ದೊತ್ರಾಕಿಗಳ ಉರಿಯುವ ಕತ್ತಿಗಳು ದೂರದಲ್ಲಿ ಒಂದೊಂದಾಗಿ ಆರಿಹೋಗುತ್ತವಲ್ಲ, ಆ ದೃಶ್ಯ ಕತ್ತಲಿಲ್ಲದೆ ಹುಟ್ಟುತ್ತಲೇ ಇರಲಿಲ್ಲ.