ಬಂಪ್ ಸ್ಟಾಕ್: ಟೆಕ್ಸಾಸ್‌ನಲ್ಲಿ ಸರಿ, ಕ್ಯಾಲಿಫೋರ್ನಿಯಾದಲ್ಲಿ?

ಅಮೆರಿಕದ ಸುಪ್ರೀಂ ಕೋರ್ಟೇ ಬಿಟ್ಟ ಮೇಲೆ, ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸುವಾಗ ಬಂಪ್ ಸ್ಟಾಕ್ (ರೈಫಲ್ ಸರಸರನೆ ಗುಂಡು ಹಾರಿಸುವಂತೆ ಮಾಡುವ ಸಾಧನ) ಒಯ್ಯಬಹುದಾ ಅಂತ ಕೇಳಿದ್ದೀರಿ. ಬೇಡವೇ ಬೇಡ ಸರ್. 2024ರ ಜೂನ್ 14ರಂದು 6-3ರ ಬಹುಮತದಲ್ಲಿ ಬಿದ್ದುಹೋಗಿದ್ದು, ಬಂದೂಕುಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಎಟಿಎಫ್ ಇದನ್ನು ನಿಷೇಧಿಸಲು ಮಾಡಿದ್ದ ಫೆಡರಲ್ ನಿಯಮ ಮಾತ್ರ. ಬಂಪ್ ಸ್ಟಾಕ್ ಇದ್ದರೂ ಪ್ರತಿ ಗುಂಡಿಗೂ ಟ್ರಿಗರ್ ಬಿಟ್ಟು ಮತ್ತೆ ಅದುಮಿದಂತೆಯೇ ಆಗುತ್ತದೆ, ಹಾಗಾಗಿ ಅದು ಕಾನೂನಿನ ಪ್ರಕಾರ 'ಮಷಿನ್ ಗನ್' (ಒಮ್ಮೆ ಟ್ರಿಗರ್ ಅದುಮಿದರೆ ಹಲವು ಗುಂಡು ಹಾರಿಸುವ ಬಂದೂಕು) ಅಲ್ಲ ಅಂದರು ನ್ಯಾಯಮೂರ್ತಿಗಳು, ಅಷ್ಟೇ. ಸಂವಿಧಾನದ ಎರಡನೇ ತಿದ್ದುಪಡಿ ಕೊಡುವ ಬಂದೂಕು ಹೊಂದುವ ಹಕ್ಕಿನ ಪ್ರಶ್ನೆಯೇ ಅಲ್ಲಿರಲಿಲ್ಲ. ರಾಜ್ಯಗಳ ನಿಷೇಧಕ್ಕೆ ಆ ತೀರ್ಪು ಕೈ ಹಾಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ದಾವೆ ಹೂಡಿದ ಆಸ್ಟಿನ್‌ನ ಬಂದೂಕಿನ ಅಂಗಡಿಯವರು, ಕಾರ್ಗಿಲ್, ಅವರೇ ಮೊದಲು ತಮ್ಮ ಎರಡು ಬಂಪ್ ಸ್ಟಾಕ್ ಒಪ್ಪಿಸಿ ಆಮೇಲೆ ಕೋರ್ಟಿಗೆ ಹೋದದ್ದು!

ಅಂದಹಾಗೆ ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೀರಾ? ಹಾಗಿದ್ದರೆ ಬಂದೂಕು ಇಟ್ಟುಕೊಳ್ಳಲಿಕ್ಕೇ ಫೆಡರಲ್ ನಿರ್ಬಂಧವಿದೆ, ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ. ಮೊದಲು ಅದನ್ನು ವಕೀಲರ ಹತ್ತಿರ ಕೇಳಿ.